ತಾಜಮಹಲನ್ನು ಕಾಶಿಯ ಪಕ್ಕಕ್ಕೆ ಸರಿಸಿಕೊಡಬೇಕೆಂದು ಅರಿಕೆ

ಬೇವನಹಳ್ಳಿ, ರಾಯಕೋಟೆ ಮಗ್ಗುಲು, ಸೇಲಂ ಜಿಲ್ಲೆ
ಪಾರ್ಥಿವ ಸಂವತ್ಸರದ ಮಾಘ ಶುದ್ಧ ದಶಮಿ, ೧೯೪೬

ರೈಲ್ವೆ ಪ್ರಚಾರ ಶಾಖೆಯ ಘನತೆವೆತ್ತ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ, ತಮ್ಮ ಕೈಕೆಳಗಿನ ಗುಮಾಸ್ತರೂ, ಅವರ ಮೇಜಿನ ಮೇಲಿನ ಮಸಿಕುಡಿಕೆಗಳೂ, ತಮ್ಮ ಅಧೀನದಲ್ಲಿ ಇನ್ನೂ ನೆಲಕ್ಕೆ ಅಂಟಿಕೊಂಡಿರುವ ಹಳಿಗಳೂ ಸಕಲ ಕ್ಷೇಮದಿಂದ ಇರಬಹುದೆಂದು ನಂಬಿ, ಬೇವನಹಳ್ಳಿಯ ಶ್ಯಾಮಣ್ಣನೆಂಬ ನಾನು, ವಯಸ್ಸು ಇಪ್ಪತ್ತು, ಓದು ಅರ್ಧಕ್ಕೆ ನಿಂತದ್ದು, ಕೈಮುಗಿದು ಬರೆದುಕೊಳ್ಳುವ ಬಹಿರಂಗ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು ತಮ್ಮನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಕೆಂಬ ಉದ್ದೇಶದಿಂದಲ್ಲ. ತಮ್ಮ ಭಿತ್ತಿಚಿತ್ರದ ಕೆಳ ಅಂಚಿನಲ್ಲಿ ಅಚ್ಚಾಗಿದ್ದ ವಿಳಾಸವನ್ನು, ಮೈದಾಹಿಟ್ಟಿನ ಅಂಟಿನ ಆಸೆಗೆ, ಹೊಸೂರಿನ ಒಂದು ಮೇಕೆ ತಿಂದುಬಿಟ್ಟಿರುವುದರಿಂದ. ತಮ್ಮ ಇಲಾಖೆಯ ಬರವಣಿಗೆಯನ್ನು ಪೂರ್ತಿಯಾಗಿ ಅರಗಿಸಿಕೊಂಡ ಪ್ರಾಣಿ ನನಗೆ ತಿಳಿದಂತೆ ಅದೊಂದೇ.

ಮೊದಲಿಗೆ, ಬಹಳ ದಿನ ಮುಚ್ಚಿಟ್ಟ ಒಂದು ಸಂಗತಿಯನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ತಾಜಮಹಲನ್ನು ನೋಡಿಲ್ಲ. ಕುತುಬ್ ಮಿನಾರನ್ನು ಹತ್ತಿಲ್ಲ, ಕಾಶಿಯಲ್ಲಿ ಮುಳುಗಿಲ್ಲ, ಹಿಮಾಲಯದ ಗಾಳಿ ನನ್ನ ಕಿವಿಗೆ ಸೋಕಿಲ್ಲ, ರಾಮೇಶ್ವರದ ಸಮುದ್ರದ ಉಪ್ಪು ನನ್ನ ನಾಲಗೆಗೆ ತಾಕಿಲ್ಲ. ಉತ್ತರ ದಿಕ್ಕಿನಲ್ಲಿ ನಾನು ಮುಟ್ಟಿದ ಕಟ್ಟಕಡೆಯ ಜಾಗ ಹೊಸೂರು ರೈಲ್ವೆ ಸ್ಟೇಷನ್ನಿನ ನೀರಿನ ತೊಟ್ಟಿ. ಇಷ್ಟು ಹೇಳಲು ನನಗೆ ಆರು ವರ್ಷ ಹಿಡಿಯಿತು. ಈ ಆರು ವರ್ಷವೂ ನಮ್ಮೂರಿನ ನಲವತ್ತೆರಡು ಮನೆಗಳಲ್ಲಿ, ಇಡೀ ದೇಶ ಸುತ್ತಿ ಬಂದವನೆಂದು ನನಗೆ ಮರ್ಯಾದೆ ನಡೆದಿದೆ. ಮದುವೆ ಮನೆಗಳಲ್ಲಿ ನನಗೆ ಮುದುಕರ ಸಾಲಿನಲ್ಲಿ ಎಲೆ ಹಾಕಿದ್ದಾರೆ. ಆ ಮರ್ಯಾದೆಯಲ್ಲಿ ಮುಕ್ಕಾಲು ಪಾಲು ತಮಗೆ ಸೇರಬೇಕಾದದ್ದು. ಅದನ್ನು ಒಪ್ಪಿಸಲೆಂದೇ ಈ ಪತ್ರ.

ಇದರಿಂದ ನಾನು ಸುಳ್ಳುಗಾರನೆಂದು ತಾವು ತೀರ್ಮಾನಿಸಬಾರದು. ನಿಜ ಹೇಳುವ ಚಾಳಿಯಿಂದಲೇ ನನ್ನ ಓದು ಕೆಟ್ಟಿತು. ಮೂರನೇ ಫಾರಂನಲ್ಲಿದ್ದಾಗ ರಾಯಕೋಟೆಯ ನಮ್ಮ ಶಾಲೆಯ ತನಿಖೆಗೆ ಇನ್ಸ್‌ಪೆಕ್ಟರು ಬಂದರು. ಹಾಜರಿ ತುಂಬಿ ಕಾಣಲೆಂದು ನಮ್ಮ ಮೇಷ್ಟ್ರು ಅಂದು ಬೆಳಿಗ್ಗೆಯೇ ಹೊಲದ ಕಡೆ ಹೋಗಿ, ದನ ಕಾಯುತ್ತಿದ್ದ ನಾಲ್ವರನ್ನು ಹಿಡಿದು ತಂದು, ಮುಖ ತೊಳೆಸಿ, ಕೊನೆಯ ಸಾಲಿನಲ್ಲಿ ಕೂರಿಸಿದ್ದರು. ಇನ್ಸ್‌ಪೆಕ್ಟರು ಯಾರನ್ನೂ ಕೇಳದೆ ನನ್ನನ್ನೇ ಎಬ್ಬಿಸಿ, ಇವರೆಲ್ಲ ನಿನ್ನ ಜೊತೆ ಓದುವವರೇ ಎಂದು ಕೇಳಿದರು. ನಾನು, “ಕಡೇ ನಾಲ್ಕು ಜನ ಅಲ್ಲ ಸಾರ್, ಅವ್ರ ದನ ಆಚೆ ಬೇವಿನ ಮರದ ಕೆಳ್ಗೆ ಕಾಯ್ತಾ ಅವೆ,” ಎಂದೆ. ಇನ್ಸ್‌ಪೆಕ್ಟರು ಹೋದ ಮೇಲೆ ಮೇಷ್ಟ್ರು ನನ್ನನ್ನು ಹೊಡೆಯಲಿಲ್ಲ. ಎರಡೂ ಕೈ ಜೋಡಿಸಿ, “ನಿನ್ನಂಥೋನ್ಗೆ ಈ ಇಸ್ಕೂಲು ಸಾಲ್ದು ಕಣಪ್ಪ, ಹೋಗು, ದೇಶ ನೋಡ್ಕೊಂಡ್ ಬಾ,” ಎಂದರು. ಚುಚ್ಚುಮಾತೆಂಬುದು ಇರುತ್ತದೆಂದು ಆಗ ನನಗೆ ತಿಳಿದಿರಲಿಲ್ಲ. ಗುರುಗಳ ಅಪ್ಪಣೆಯೆಂದು ಭಾವಿಸಿ ಮರುದಿನವೇ ಹೊರಟೆ.

ರಾಯಕೋಟೆ ಸ್ಟೇಷನ್ನಿನಲ್ಲಿ ಎಲ್ಲರಿಗೂ ನನ್ನ ಗುರುತಿದ್ದುದರಿಂದ ಹಳಿಯ ಗುಂಟ ನಡೆದು ಹೊಸೂರಿಗೆ ಹೋದೆ. ಹೊಸೂರಿನಿಂದ ಹೊರಡುವ ತಮ್ಮ ಪುಟ್ಟ ರೈಲು ಬೇರೆಲ್ಲೂ ಹೋಗದೆ ತಿರುಗಿ ರಾಯಕೋಟೆಯ ಮೇಲೆಯೇ ಹೋಗುತ್ತದೆಂಬುದು ಅಲ್ಲಿ ತಲುಪಿದ ಮೇಲೆ ತಿಳಿಯಿತು. ಆದರೂ ಧೈರ್ಯಗೆಡದೆ, ಮುಖಕ್ಕೆ ಟವಲು ಮುಚ್ಚಿಕೊಂಡು ನಮ್ಮೂರನ್ನು ದಾಟಿಬಿಡೋಣವೆಂದು ನಿಶ್ಚಯಿಸಿ, ಗಾರ್ಡಿನ ಹತ್ತಿರ ಹೋಗಿ, “ನನ್ ತಾವ ಟಿಕೀಟಿಲ್ಲ ಸಾರ್, ಹತ್ಲಾ?” ಎಂದು ಕೇಳಿದೆ. ಬೇಡವೆಂದರು. ಟಿಕೀಟಿಲ್ಲದ ಇನ್ನೂ ಏಳೆಂಟು ಜನ ನನ್ನ ಕಣ್ಣೆದುರಿಗೇ ಏನೂ ಕೇಳದೆ ಹತ್ತಿಕೊಂಡು ಹೋದರು. ಮರುದಿನ ಮತ್ತೆ ಕೇಳಿದೆ, ಮತ್ತೆ ಬೇಡವೆಂದರು. ಹೀಗೆ ಹನ್ನೊಂದು ದಿನ. ಕೊನೆಗೆ ಆ ಪುಣ್ಯಾತ್ಮರೇ ನನ್ನನ್ನು ಪಕ್ಕಕ್ಕೆ ಕರೆದು, “ಕೇಳ್ಬೇಡ ಕಣಯ್ಯ, ನೀನು ಕೇಳಿದ್ರೆ ನಾನು ಬೇಡ ಅನ್ಲೇಬೇಕು,” ಎಂದು ಗುಟ್ಟು ಹೇಳಿಕೊಟ್ಟರು. ಆದರೆ ಕೇಳದೆ ಹತ್ತುವುದು ನನ್ನಿಂದಾಗಲಿಲ್ಲ. ಹನ್ನೊಂದು ದಿನವೂ ಸ್ಟೇಷನ್ನಿನ ಪೋರ್ಟರು ದಾಸಪ್ಪನವರು ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟು, ಲಾಂದ್ರಗಳನ್ನಿಡುವ ಕೋಣೆಯಲ್ಲಿ ಮಲಗಿಸಿಕೊಂಡರು. ಹಗಲೆಲ್ಲ ನನಗೆ ನೋಡಲು ಇದ್ದದ್ದು ಒಂದೇ: ಟಿಕೀಟು ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ್ದ ತಮ್ಮ ಭಿತ್ತಿಚಿತ್ರ.

ಆ ಚಿತ್ರವನ್ನು ಎಷ್ಟು ಹೊಗಳಿದರೂ ಸಾಲದು. ಒಂದೇ ಹಾಳೆಯಲ್ಲಿ ಇಡೀ ಭರತಖಂಡ. ಮೇಲೆ ಹಿಮಾಲಯ, ಹಿಮಾಲಯದ ಬುಡದಲ್ಲೇ ತಾಜಮಹಲು, ಅದರ ಎಡಕ್ಕೆ ಕುತುಬ್ ಮಿನಾರು, ಬಲಕ್ಕೆ ಜೋಗದ ನೀರು ಧಾರೆಯಾಗಿ ಬೀಳುತ್ತಿದೆ. ಬಿದ್ದ ನೀರು ಹೊಳೆಯಾಗಿ ಹರಿದು, ಕಾಶಿಯ ಮೆಟ್ಟಿಲುಗಳನ್ನು ತೊಳೆದು, ಕೆಳಮೂಲೆಯಲ್ಲಿ ರಾಮೇಶ್ವರದ ಗೋಪುರದ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ಒಂದು ದಾರಿ, ದಾರಿಯಲ್ಲಿ ಒಂದು ಎತ್ತಿನ ಗಾಡಿ. ಕೆಳಗಿನ ಇಂಗ್ಲಿಷ್ ಅಕ್ಷರಗಳಲ್ಲಿ ‘ನೋಡಿ’ ಎಂಬುದೊಂದು ನನಗೆ ಅರ್ಥವಾಯಿತು; ಉಳಿದದ್ದು ನಾನು ಶಾಲೆ ಬಿಟ್ಟ ಮೇಲಿನ ಪಾಠಗಳಲ್ಲಿ ಬರುತ್ತಿತ್ತೇನೋ. ತಾವು ನೋಡಿ ಎಂದಿರಿ, ನಾನು ಹನ್ನೊಂದು ದಿನ ನೋಡಿದೆ. ಇಷ್ಟು ಶ್ರದ್ಧೆಯಿಂದ ತಮ್ಮ ಮಾತು ನಡೆಸಿಕೊಟ್ಟವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಹನ್ನೆರಡನೆಯ ದಿನ ಊರಿಗೆ ಬಂದೆ. ನಿಜ ಹೇಳಬೇಕೆಂದೇ ಬಂದೆ. ಆದರೆ ಊರ ಬಾಗಿಲಲ್ಲಿ ಕಂಡದ್ದು ಒದ್ದೆ ಹಗ್ಗಗಳ ರಾಶಿ, ಅದರ ಮೇಲೊಂದು ಪಾತಾಳಗರಡಿ. ಬಿದ್ದ ಬಿಂದಿಗೆ ಎತ್ತುವ ಆ ಕಬ್ಬಿಣದ ಕೊಕ್ಕೆಗಳನ್ನು ಇಳಿಬಿಟ್ಟು ನಮ್ಮವರು ನನಗಾಗಿ ಮೂರು ಬಾವಿಗಳನ್ನು ಜಾಲಾಡಿದ್ದರು. ನನ್ನ ಅಜ್ಜಿ ದೊಡ್ಡಮುನಿಯಮ್ಮ ಹನ್ನೊಂದು ದಿನ ಒಲೆ ಹಚ್ಚಿರಲಿಲ್ಲ. ಅಪ್ಪನಿಲ್ಲದ ನನ್ನನ್ನು ಸಾಕಿದ ದೊಡ್ಡಪ್ಪ ನರಸಿಂಹಪ್ಪನವರ ಕೈಗಳಲ್ಲಿ ಹಗ್ಗ ಎಳೆದು ಬೊಬ್ಬೆ ಎದ್ದಿದ್ದವು. “ಎಲ್ಲಿಗೋಗ್ಬುಟ್ಟಿದ್ದೆಲಾ?” ಎಂದರು. ಮಾನ್ಯರೇ, ತಾವೇ ಹೇಳಿ: ಮೂರು ಬಾವಿ ಜಾಲಾಡಿದವರಿಗೆ, ನಾನು ಹೊಸೂರು ಸ್ಟೇಷನ್ನಿನಲ್ಲಿ ಗೋಡೆ ನೋಡುತ್ತ ಕೂತಿದ್ದೆನೆಂದು ಹೇಗೆ ಹೇಳುವುದು? ಅವರು ಪಟ್ಟ ಪಾಡಿಗೆ ತಕ್ಕಷ್ಟು ದೂರ ನಾನು ಹೋಗಿರಲೇಬೇಕಿತ್ತು. “ದೇಶ ನೋಡೋಕೆ ಹೋಗಿದ್ದೆ ದೊಡ್ಡಪ್ಪ, ಕಾಶಿ, ತಾಜಮಹಲು, ಎಲ್ಲ,” ಎಂದುಬಿಟ್ಟೆ. ನನ್ನ ಬಾಳಿನಲ್ಲಿ ಹೇಳಿದ ಸುಳ್ಳು ಅದೊಂದೇ. ಉಳಿದವೆಲ್ಲ ಅದು ಹಾಕಿದ ಮರಿಗಳು.

ಇನ್ಸ್‌ಪೆಕ್ಟರಿಗೆ ನಿಜ ಹೇಳಿ ಶಾಲೆ ಕಳೆದುಕೊಂಡವನೆಂಬ ಹೆಸರು ಆಗಲೇ ಊರೆಲ್ಲ ಹಬ್ಬಿದ್ದುದರಿಂದ ನನ್ನ ಮಾತನ್ನು ಯಾರೂ ಒರೆಗೆ ಹಚ್ಚಲಿಲ್ಲ. ಸಂಜೆಯಾದರೆ ಹೊಂಗೆಮರದ ಕಟ್ಟೆಗೆ ಪ್ರಶ್ನೆಗಳನ್ನು ಹೊತ್ತು ಬರತೊಡಗಿದರು. ತಮ್ಮ ಚಿತ್ರದಲ್ಲಿ ಇದ್ದುದಕ್ಕೆ ಚಿತ್ರ ನೋಡಿದಂತೆ ಉತ್ತರ ಕೊಟ್ಟೆ; ತಮ್ಮ ಚಿತ್ರಗಾರರು ಬರೆಯದೆ ಬಿಟ್ಟದ್ದನ್ನು ನಾನೇ ತುಂಬಬೇಕಾಯಿತು. ತಾಜಮಹಲು ಅಷ್ಟು ಬೆಳ್ಳಗಿರುವುದು ಹೇಗೆಂದು ಕೇಳಿದರು. ಯುಗಾದಿಗೆ ಮುಂಚೆ ಸುಣ್ಣ ಹೊಡೆಯುತ್ತಾರೆಂದೆ. ಹಿಮಾಲಯದ ತುದಿ? ಮಿಕ್ಕ ಸುಣ್ಣವನ್ನು ಅಲ್ಲಿಗೆ ಬಳಿಯುತ್ತಾರೆಂದೆ. ಕಾಶಿಯಲ್ಲಿ ಮುದ್ದೆ ಸಿಗುತ್ತದೆಯೇ ಎಂದು ಅಜ್ಜಿ ಕೇಳಿದಳು. ಮೆಟ್ಟಿಲ ಹಿಂದೆ ನಮ್ಮ ಕಡೆಯ ಹೆಂಗಸೊಬ್ಬಳು ಮುದ್ದೆ, ಉಪ್ಪೆಸರು ಮಾಡಿಕೊಡುತ್ತಾಳೆಂದೆ. ದೊಡ್ಡಪ್ಪನಿಗೆ ಜಗತ್ತಿನಲ್ಲಿ ಎತ್ತು ಬಿಟ್ಟು ಬೇರೆ ವಿಷಯ ಬೇಕಿಲ್ಲ. ಆ ಸೀಮೆಯ ಎತ್ತುಗಳಿಗೆ ನಮ್ಮ ಮಾತು ತಿಳಿಯುತ್ತದೆಯೇ ಎಂದು ಕೇಳಿದರು. ತಿಳಿಯುತ್ತದೆ ಎಂದೆ.

ಎಲ್ಲಕ್ಕಿಂತ ದೊಡ್ಡ ಅನಾಹುತ ಆದದ್ದು ದೂರದ ವಿಷಯದಲ್ಲಿ. ತಾಜಮಹಲಿನಿಂದ ಕಾಶಿಗೆ ಎಷ್ಟು ದೂರವೆಂದು ಕೇಳಿದಾಗ ಊಹೆ ಮಾಡದೆ ಲೆಕ್ಕ ಹಾಕಿಯೇ ಹೇಳಿದೆ. ತಮ್ಮ ಚಿತ್ರದ ಎತ್ತಿನ ಗಾಡಿಯನ್ನು ಮನಸ್ಸಿನಲ್ಲೇ ಒಂದರ ಹಿಂದೊಂದು ನಿಲ್ಲಿಸುತ್ತ ಹೋದರೆ ಎರಡಕ್ಕೂ ನಡುವೆ ಇಪ್ಪತ್ತಾರು ಗಾಡಿ ಹಿಡಿಯುತ್ತದೆ, ಅಂದರೆ ಒಂದು ಕೂಗಳತೆ. ಅಲ್ಲಿಂದ ನಮ್ಮೂರಲ್ಲಿ ಒಂದು ದಿನಚರಿಯೇ ಹುಟ್ಟಿಕೊಂಡಿತು: ಬೆಳಿಗ್ಗೆ ಕಾಶಿಯಲ್ಲಿ ಸ್ನಾನ, ಹೊತ್ತು ನೆತ್ತಿಗೇರುವುದರೊಳಗೆ ತಾಜಮಹಲು, ಬಿಸಿಲು ಹೆಚ್ಚಾದರೆ ಹಿಮಾಲಯದ ನೆರಳು, ಸಂಜೆಗೆ ರಾಮೇಶ್ವರ. ಮಿಕ್ಕ ಹತ್ತು ದಿನ ಹೋಗಿ ಬರುವುದಕ್ಕೆ. ಹನ್ನೊಂದು ದಿನಗಳಲ್ಲಿ ಇಡೀ ದೇಶ ಮುಗಿಯುತ್ತದೆಂಬುದಕ್ಕೆ ನಾನೇ ಕಣ್ಣೆದುರಿನ ಸಾಕ್ಷಿ.

ಈ ಸುಳ್ಳು ಇಷ್ಟು ಕಾಲ ಕೂದಲೂ ಕೊಂಕದಂತೆ ಬಾಳಿದ್ದಕ್ಕೆ ತಮ್ಮ ಉಪಕಾರವನ್ನು ಇಲ್ಲಿ ನೆನೆಯಬೇಕು. ನಾನು ಊರಿಗೆ ಬಂದ ಸ್ವಲ್ಪ ದಿನಕ್ಕೆಲ್ಲ ಯುದ್ಧಕ್ಕೆ ಕಬ್ಬಿಣ ಬೇಕೆಂದು ನಮ್ಮ ಕಡೆಯ ಹಳಿಗಳನ್ನು ಕಿತ್ತು ತೆಗೆದುಕೊಂಡು ಹೋದಿರಿ. ಅದಕ್ಕೆ ಮುಂಚೆ ನಮ್ಮ ರೈಲು ಎರಡು ಗಂಟೆ ತಡವಾಗಿ ಬರುತ್ತಿತ್ತು. ಹಳಿ ಕಿತ್ತ ದಿನದಿಂದ ಇಂದಿನವರೆಗೆ ಒಂದು ಕ್ಷಣವೂ ತಡವಾದದ್ದಿಲ್ಲ. ಅದರ ಮೇಲೆ, ಯುದ್ಧಕಾಲದಲ್ಲಿ ಸುಮ್ಮಸುಮ್ಮನೆ ಪ್ರಯಾಣ ಮಾಡಬೇಡಿರೆಂದು ಊರೂರಿಗೂ ಸಾರಿದಿರಿ. ದೇಶ ನೋಡಿ ಎಂಬ ಚಿತ್ರ ಒಂದು ಗೋಡೆಯ ಮೇಲೆ, ಮನೆಯಲ್ಲೇ ಇರಿ ಎಂಬ ಹಾಳೆ ಎದುರು ಗೋಡೆಯ ಮೇಲೆ; ನಡುವೆ ಹಳಿಯೂ ಇಲ್ಲ. ಪ್ರಜೆಗಳನ್ನು ಇಷ್ಟು ನಿಶ್ಚಿಂತೆಯಿಂದ ಇರಿಸಿದ ಇಲಾಖೆ ಇನ್ನೊಂದಿಲ್ಲ. ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ, ಆದ್ದರಿಂದ ನಾನು ದೇಶ ಸುತ್ತಿದವನಾಗಿಯೇ ಉಳಿದೆ. ಯುದ್ಧ ಮುಗಿಯಿತೆಂದು ಸುದ್ದಿ ಬಂದ ದಿನ ಊರವರೆಲ್ಲ ಬೆಲ್ಲ ಹಂಚಿದರು. ಇನ್ನು ಜನ ಊರು ಬಿಟ್ಟು ಹೊರಡಬಹುದಲ್ಲ ಎಂದು ಅಂಜಿ, ನನ್ನ ಪಾಲಿನ ಬೆಲ್ಲವನ್ನು ದೊಡ್ಡಪ್ಪನ ಎತ್ತಿಗೆ ತಿನ್ನಿಸಿದೆ.

ನನ್ನ ಅಂಜಿಕೆ ಸುಳ್ಳಾಗಲಿಲ್ಲ. ಈ ಸಲ ಸಂಕ್ರಾಂತಿ ಕಳೆದು ರಾಗಿ ಒಕ್ಕಿ ಮುಗಿಯುತ್ತಿದ್ದಂತೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, “ಕಣ್ಣು ಮಂಜಾಗೋಕೆ ಮುಂಚೆ ನಾವೂ ಒಂದ್ ಕಿತ ನೋಡ್ಕೊಂಡ್ ಬಂದ್ಬುಡಾನ. ದಾರಿ ತೋರ್ಸೋಕೆ ಶ್ಯಾಮ ಅವ್ನಲ್ಲ,” ಎಂದರು. ಹೊರಟವರು ನಾಲ್ವರು: ದೊಡ್ಡಪ್ಪ, ಅಜ್ಜಿ, ಅಜ್ಜಿಯ ತಂಗಿ ಪಿಳ್ಳಮ್ಮ, ಮತ್ತು ಸೋದರಮಾವ ತಿಮ್ಮರಾಯಪ್ಪನವರು. ತಿಮ್ಮರಾಯಪ್ಪನವರ ಬಗ್ಗೆ ತಮಗೆ ವಿಶೇಷವಾಗಿ ಅರಿಕೆ ಮಾಡಬೇಕು. ಅವರು ತೆಲುಗಿನಲ್ಲಿ ಅನುಮಾನಪಟ್ಟು, ಕನ್ನಡದಲ್ಲಿ ಪ್ರಶ್ನೆ ಕೇಳಿ, ತಮಿಳಿನಲ್ಲಿ ಬೈಯುವವರು. ಕುರಿ ಸಾಕಿದವರಾದ್ದರಿಂದ ನೆನಪಿಡಬೇಕಾದದ್ದನ್ನೆಲ್ಲ ಹಗ್ಗಕ್ಕೆ ಗಂಟು ಹಾಕಿ ಇಡುವ ಪದ್ಧತಿ. ಆರು ವರ್ಷಗಳಿಂದ ನಾನು ಹೇಳಿದ ಒಂದೊಂದು ಸಂಗತಿಗೂ ಅವರು ಕತ್ತಾಳೆ ಹಗ್ಗವೊಂದಕ್ಕೆ ಒಂದೊಂದು ಗಂಟು ಹಾಕಿಟ್ಟಿದ್ದಾರೆಂಬುದು ನನಗೆ ಹೋದ ತಿಂಗಳು ತಿಳಿಯಿತು. ಒಟ್ಟು ನಲವತ್ತೊಂದು ಗಂಟು. ಸುಣ್ಣಕ್ಕೆ ಒಂದು, ಮುದ್ದೆಗೆ ಒಂದು, ಎತ್ತಿಗೆ ಒಂದು. ಕಣ್ಣಿಗೆ ಕಂಡ ಹಾಗೆಲ್ಲ ಒಂದೊಂದನ್ನೇ ಬಿಚ್ಚುತ್ತ ಹೋಗುವರಂತೆ. “ಒಂದ್ ಗಂಟು ಉಳಿದ್ರೂ, ಅಳಿಯ, ಅದೇ ಹಗ್ಗದಾಗೆ ನಿನ್ನ ಕಟ್ಕೊಂಡ್ ಬತ್ತೀನಿ,” ಎಂದು ಪ್ರೀತಿಯಿಂದ ಹೇಳಿದ್ದಾರೆ.

ಈ ಸಂದರ್ಭದಲ್ಲಿ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಧರ್ಮಪುರಿಯಿಂದ ಹೊಸೂರಿನವರೆಗೆ ಒಂದು ರೈಲುದಾರಿಯನ್ನೇ ಎತ್ತಿ ಕೊಂಡುಹೋದ ಕೈಗಳಿಗೆ ಒಂದು ತಾಜಮಹಲು ಭಾರವಾಗಲಾರದು. ಆದ್ದರಿಂದ ದಯವಿಟ್ಟು ಅದನ್ನು ಸ್ವಲ್ಪ ಪೂರ್ವಕ್ಕೆ ಸರಿಸಿ, ಕಾಶಿಯಿಂದ ಇಪ್ಪತ್ತಾರು ಗಾಡಿ ದೂರದಲ್ಲಿ ಇರಿಸಿಕೊಡಬೇಕು. ಅದನ್ನು ಅಲುಗಿಸಲು ಮನಸ್ಸಿಲ್ಲವಾದರೆ ಕಾಶಿಯನ್ನು ಪಶ್ಚಿಮಕ್ಕೆ ತಂದರೂ ಆಕ್ಷೇಪಣೆಯಿಲ್ಲ. ಜೋಗದ ನೀರನ್ನು ತಾಜಮಹಲಿನ ಬಲಗಡೆಯಿಂದ ಬೀಳಿಸಬೇಕು. ನಾವು ಹೋಗುವ ದಿನ ನಾಲ್ಕು ಜನ ಸುಣ್ಣದವರು ಈಚಲು ಕುಂಚ ಹಿಡಿದು ತಾಜಮಹಲಿನ ಗುಮ್ಮಟದ ಮೇಲೆ ಕಾಣಿಸಿಕೊಳ್ಳಬೇಕು. ಹೊಡೆಯ­ಬೇಕಾಗಿಲ್ಲ, ಕಾಣಿಸಿಕೊಂಡರೆ ಸಾಕು. ಆಗ್ರಾ ಸೀಮೆಯ ಎತ್ತುಗಳಿಗೆ ‘ಹೋ’ ಎಂದರೆ ನಿಲ್ಲುವುದನ್ನೂ ‘ನಡೀಲಾ’ ಎಂದರೆ ನಡೆಯುವುದನ್ನೂ ಕಲಿಸಲು ಒಬ್ಬ ಉಪಾಧ್ಯಾಯರನ್ನು ನೇಮಿಸಬೇಕು. ನಮ್ಮ ಮೇಷ್ಟ್ರಿಗೆ ಹಾಜರಿ ತುಂಬುವ ಅನುಭವವಿದೆ. ಕಾಶಿಯ ಮುದ್ದೆಯವಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಕು, ಏಕೆಂದರೆ ಅಜ್ಜಿ ಅವಳಿಗೆ ಕೊಡಲೆಂದು ಒಂದು ಸೇರು ಹುರುಳಿ ಕಟ್ಟಿಕೊಂಡಿದ್ದಾಳೆ, ಕೊಡದೆ ಹಿಂದಿರುಗುವ ಹೆಂಗಸಲ್ಲ.

ಇದನ್ನೆಲ್ಲ ತಮ್ಮ ತಲೆಗೆ ಕಟ್ಟುವ ಮುಂಚೆ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದೆ. ಯುದ್ಧದ ನಡುವೆಯೊಮ್ಮೆ ರೇಷನ್ ಕಾರ್ಡಿಗೆಂದು ಕೃಷ್ಣಗಿರಿಯ ಕಚೇರಿಗೆ ಹೋಗಿದ್ದಾಗ ಅಲ್ಲಿನ ಗೋಡೆಯ ಭೂಪಟದಲ್ಲಿ ಗೇಣು ಹಾಕಿ ನೋಡಿದ್ದೆ. ಕಾಶಿಯಿಂದ ರಾಮೇಶ್ವರಕ್ಕೆ ಮೂರು ಗೇಣು; ರಾಯಕೋಟೆಯಿಂದ ಹೊಸೂರಿಗೆ ಸಾಸಿವೆಯಷ್ಟೂ ಜಾಗವಿರಲಿಲ್ಲ, ಆ ಸಾಸಿವೆ ದಾಟಲು ನನಗೆ ಇಡೀ ದಿನ ಹಿಡಿದಿತ್ತು. ಹನ್ನೊಂದು ದಿನಕ್ಕೆಂದು ಹುರಿಹಿಟ್ಟು ಕಟ್ಟಿಕೊಂಡು ನಾಲ್ಕು ಮುದಿಜೀವಗಳು ನನ್ನನ್ನು ನಂಬಿ ಹೊರಟಿರುವಾಗ ಸುಮ್ಮನಿರಲು ನನ್ನಿಂದಾಗಲಿಲ್ಲ. ಹೋದ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕಟ್ಟೆಗೆ ಕರೆದು, ನಿಂತುಕೊಂಡು, ನಾನು ಏನನ್ನೂ ನೋಡಿಲ್ಲ, ಹನ್ನೊಂದು ದಿನವೂ ಹೊಸೂರು ಸ್ಟೇಷನ್ನಿನಲ್ಲಿ ಚಿತ್ರ ನೋಡುತ್ತ ಕೂತಿದ್ದೆ, ಹೋಗಿ ಬರಲು ಒಂದೂವರೆ ತಿಂಗಳಾದರೂ ಬೇಕು ಎಂದು ಒಂದೇ ಉಸಿರಿಗೆ ಹೇಳಿದೆ.

ಅಜ್ಜಿ, “ಹೊಸೂರ್ನಾಗೆ ಹನ್ನೊಂದ್ ದಿನ ನೋಡೋಕೆ ಏನ್ಲಾ ಐತೆ?” ಎಂದಳು. ದೊಡ್ಡಪ್ಪ ನಿಧಾನವಾಗಿ ಎಲೆಗೆ ಸುಣ್ಣ ಸವರುತ್ತ, “ನೋಡ್ಲಾ ಮಗ, ಹುಟ್ದಾಗ್ಲಿಂದ ನಿನ್ನ ಬಾಯ್ನಾಗೆ ಒಂದು ಸುಳ್ಳು ಬಂದಿದ್ದು ನಾ ಕಾಣೆ. ಇವತ್ತು ಮುದುಕ್ರನ್ನ ಎಳ್ಕೊಂಡೋಗೋಕೆ ಬ್ಯಾಸರಾಗಿ ಸುಳ್ಳು ಹೇಳ್ತಾ ಇದ್ದೀಯ. ಅಭ್ಯಾಸ ಇಲ್ದೋನು ನೀನು, ಅದ್ಕೇ ನೆಟ್ಗೆ ಹೇಳೋಕೆ ಬತ್ತಾ ಇಲ್ಲ,” ಎಂದು ನನ್ನ ಬೆನ್ನು ಸವರಿದರು. ತಿಮ್ಮರಾಯಪ್ಪನವರು ಹಗ್ಗ ತೆಗೆದು ನಲವತ್ತೆರಡನೆಯ ಗಂಟು ಹಾಕಿದರು. ಇದನ್ನು ಬಿಚ್ಚಬೇಕಾದರೆ ನಾನು ಎಲ್ಲಿಗೂ ಹೋಗಿರಲಿಲ್ಲವೆಂಬುದು ಅವರ ಕಣ್ಣಿಗೆ ಕಾಣಬೇಕು.

ಇಷ್ಟಕ್ಕೆ ಸೋಲದೆ, ಮಾರನೆಯ ದಿನ ಹೊಸೂರಿಗೆ ಹೋಗಿ, ಈಗ ಉಳಿದಿರುವ ಏಕೈಕ ಸಾಕ್ಷಿಯಾದ ದಾಸಪ್ಪನವರನ್ನೇ ಕರೆತಂದೆ. ಸ್ಟೇಷನ್ನಿನಲ್ಲಿ ಈಗ ರೈಲಿಲ್ಲ, ಹಳಿಯಿಲ್ಲ, ಸ್ಟೇಷನ್ ಮಾಸ್ಟರೂ ಇಲ್ಲ. ದಾಸಪ್ಪನವರು ಮಾತ್ರ ಪಕ್ಕದ ಗುಡಿಸಲಲ್ಲಿದ್ದು, ದಿನಾ ಬೆಳಿಗ್ಗೆ ಹೋಗಿ ಪ್ಲಾಟ್‌ಫಾರಂ ಗುಡಿಸಿ ಬರುತ್ತಾರೆ, ಯಾರೂ ಬೇಡವೆಂದು ಹೇಳಿಲ್ಲವಂತೆ. ದಾರಿಯುದ್ದಕ್ಕೂ ನನ್ನ ಜೊತೆ ಆ ಹನ್ನೊಂದು ದಿನಗಳನ್ನು ನೆನೆದು ನಕ್ಕವರು, ಕಟ್ಟೆಯ ಮುಂದೆ ನಿಂತು, ಟಿಕೀಟಿಲ್ಲದವನನ್ನು ಲಾಂದ್ರದ ಕೋಣೆಯಲ್ಲಿ ಮಲಗಿಸಿದ್ದು ನಿಜವೇ ಎಂದು ತಿಮ್ಮರಾಯಪ್ಪನವರು ಗಟ್ಟಿಯಾಗಿ ಕೇಳಿದ ಕೂಡಲೆ ಬೆವತುಹೋದರು. “ಅಯ್ಯೋ, ಅದು ರೂಲ್ಸಿಗೆ ವಿರುದ್ಧ ಸಾಮಿ. ಈ ಹುಡುಗನ್ನ ನಾನು ಕಂಡೇ ಇಲ್ಲ,” ಎಂದುಬಿಟ್ಟರು. ರೈಲ್ವೆ ಹೋದರೂ ರೈಲ್ವೆಯ ಭಯ ಅವರನ್ನು ಬಿಟ್ಟು ಹೋಗಿಲ್ಲ. ದಯಮಾಡಿ ಅವರಿಗೆ, ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ, ಧೈರ್ಯವಾಗಿ ನಿಜ ಹೇಳಬಹುದು ಎಂದು ಒಂದು ಆಜ್ಞಾಪತ್ರ ಕಳಿಸಿಕೊಡಬೇಕು. ಮೊಹರು ಇರಲಿ, ಮೊಹರಿಲ್ಲದ್ದನ್ನು ಅವರು ನಂಬುವುದಿಲ್ಲ.

ಕೈಲಾದದ್ದನ್ನು ನಾನು ಮಾಡಿಕೊಂಡಿದ್ದೇನೆ. ಅಜ್ಜಿಯ ಹನ್ನೊಂದು ದಿನದ ಗಂಟಿನ ಜೊತೆಗೆ ಇನ್ನೊಂದು ತಿಂಗಳಿಗಾಗುವಷ್ಟು ಹುರಿಹಿಟ್ಟನ್ನು ಬೇರೆ ಮೂಟೆ ಕಟ್ಟಿ ನನ್ನ ಹೆಗಲಿಗೆಂದು ಇಟ್ಟುಕೊಂಡಿದ್ದೇನೆ. ಹಸು ಕರೆಯಲು ಒಪ್ಪಿರುವ ಪಕ್ಕದ ಮನೆಯ ಮುನಿಗಂಗಮ್ಮನಿಗೆ, ಹನ್ನೊಂದಲ್ಲ, ನಲವತ್ತೈದು ದಿನ ನೋಡಿಕೊಳ್ಳಬೇಕೆಂದು ಹೇಳಿದೆ. “ಅಲ್ಲೇ ಹೆಣ್ಣು ನೋಡಿದ್ದೀಯೇನೋ?” ಎಂದು ಕೇಳಿ ನಕ್ಕಳು.

ಇನ್ನು ಒಬ್ಬರ ವಿಷಯ ಮಾತ್ರ ಉಳಿದಿದೆ. ಅಜ್ಜಿಯ ತಂಗಿ ಪಿಳ್ಳಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಮಾತು ಕಡಿಮೆ, ಮಂಡಿನೋವು ಜಾಸ್ತಿ. ಆರು ವರ್ಷಗಳಲ್ಲಿ ಊರೆಲ್ಲ ನೂರಾರು ಪ್ರಶ್ನೆ ಕೇಳಿದ್ದರೂ ಅವಳು ಕೇಳಿದ್ದು ಒಂದೇ ಒಂದು. ಸೌದೆ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತ, “ಆ ಬಿಳೀ ಕಟ್ಟಡದ ತಾವ ಕೂತ್ಕೋಬೋದಾ ಮಗ? ಯಾರೂ ಏಳು ಅನ್ನಾಕಿಲ್ವಾ?” ಎಂದಳು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ರೇಷನ್ ಅಂಗಡಿಯ ಜಗುಲಿಯಲ್ಲಿ, ಅವಳು ಕೂತಲ್ಲೆಲ್ಲ ಯಾರಾದರೊಬ್ಬರು ಬಂದು ಏಳು ಎಂದದ್ದನ್ನು ನಾನು ನೋಡಿದ್ದೇನೆ. ಕೂತುಕೊಳ್ಳಬಹುದು, ಎಷ್ಟು ಹೊತ್ತಾದರೂ ಕೂತುಕೊಳ್ಳಬಹುದು, ನೆರಳಿನಲ್ಲಿ ಒಂದು ಕಲ್ಲಿನ ಜಗುಲಿಯಿದೆ ಎಂದು ಹೇಳಿದೆ.

ಯಾತ್ರೆ ನಿಶ್ಚಯವಾದ ದಿನದಿಂದ ಅವಳು ದಿನಾ ಹೊತ್ತು ಹುಟ್ಟುವಾಗ, ಹಿಂದೆ ಟಿಪ್ಪುವಿನ ಕೈಯಲ್ಲಿದ್ದ ರಾಯಕೋಟೆ ದುರ್ಗದ ಮೆಟ್ಟಿಲು ಹತ್ತುತ್ತಿದ್ದಾಳೆ. ಮಂಡಿಗೆ ಅಭ್ಯಾಸವಾಗಲೆಂದು. ಮೊದಲ ದಿನ ಒಂಬತ್ತು ಮೆಟ್ಟಿಲು, ಆಮೇಲೆ ಮೂವತ್ತು, ಈಗ ಅರ್ಧ ಬೆಟ್ಟ. ಸಂತೆಗೆ ಹೋಗುವವರು, “ಯಾಕ್ ಪಿಳ್ಳವ್ವ, ಮೇಲ್ಗಡೆ ಯಾರ್ ತಾವ ಕೆಲ್ಸ?” ಎಂದು ಹಾಸ್ಯ ಮಾಡಿದರೆ, “ಟಿಪ್ಪು ಸುಲ್ತಾನ್ ತಾವ, ಬಿಟ್ಟೋದ ಚಪ್ಪಲಿ ಕೊಡ್ಬೇಕು,” ಎನ್ನುತ್ತಾಳಂತೆ. ಅವಳು ಹಾಸ್ಯ ಮಾಡಿದ್ದನ್ನು ನಾವು ಯಾರೂ ಮುಂಚೆ ಕೇಳಿರಲಿಲ್ಲ.

ಭಾನುವಾರ ಕಟ್ಟೆಯಿಂದ ಎಲ್ಲರೂ ಎದ್ದುಹೋದ ಮೇಲೆ ಅವಳೊಬ್ಬಳು ಉಳಿದಳು. ನನ್ನ ಪಕ್ಕಕ್ಕೆ ಬಂದು, “ದಿಟ್ವಾಗ್ಲೂ ನೋಡಿಲ್ವಾ?” ಎಂದು ಕೇಳಿದಳು. ಇಲ್ಲವೆಂದೆ. ಜಗುಲಿಯೂ ನನಗೆ ಗೊತ್ತಿಲ್ಲವೆಂದೆ. ನನ್ನ ಮುಖವನ್ನೇ ನೋಡಿದಳು. ಆರು ವರ್ಷದಲ್ಲಿ ನನ್ನ ನಿಜವನ್ನು ನಿಜವೆಂದು ನಂಬಿದವಳು ಅವಳೊಬ್ಬಳೇ, ಅದು ನನಗೆ ಅವಳ ಮುಖದಲ್ಲೇ ಗೊತ್ತಾಯಿತು. ಬೈಯಲಿ ಎಂದು ಕಾದೆ. “ನೋಡಿಲ್ದಿದ್ರೆ ಒಳ್ಳೇದೇ ಆಯ್ತು ಬುಡು,” ಎಂದಳು. “ಇಬ್ರೂ ಹೊಸ್ದಾಗಿ ನೋಡಾನ. ಜಗುಲಿ ಇಲ್ದಿದ್ರೆ ನೆಲ ಇರಾಕಿಲ್ವಾ.”

ಆದ್ದರಿಂದ, ಮಾನ್ಯರೇ, ಮೇಲಿನ ಬೇಡಿಕೆಗಳನ್ನೆಲ್ಲ ತಾವು ತಳ್ಳಿಹಾಕಿದರೂ ನನಗೆ ಬೇಸರವಿಲ್ಲ. ತಾಜಮಹಲು ಇದ್ದಲ್ಲೇ ಇರಲಿ, ಸುಣ್ಣದವರು ಮನೆಗೆ ಹೋಗಲಿ, ಎತ್ತುಗಳು ತಮಗೆ ಬಂದ ಭಾಷೆಯಲ್ಲೇ ನಡೆಯಲಿ. ಗಂಟು ಬಿಚ್ಚದ ಹಗ್ಗಕ್ಕೆ ನನ್ನ ಕೈಗಳನ್ನು ನಾನೇ ಒಡ್ಡುತ್ತೇನೆ, ಒಂದೊಂದು ಜಾಗದಲ್ಲೂ ನಿಂತು, ಇದನ್ನು ನಾನೂ ಈಗಲೇ ನೋಡುತ್ತಿರುವುದು ಎಂದು ಹೇಳುತ್ತೇನೆ. ಒಂದನ್ನು ಮಾತ್ರ ನಡೆಸಿಕೊಡಿ. ತಾಜಮಹಲಿನ ಕಾವಲುಗಾರರಿಗೆ ಒಂದು ಸಾಲು ಬರೆಯಿರಿ: ಮಾಸಿದ ಕೆಂಪು ಸೀರೆಯುಟ್ಟ, ಎಡಗಾಲು ಎಳೆದು ನಡೆಯುವ ಮುದುಕಿಯೊಬ್ಬಳು ಬಂದು ನೆರಳಿನಲ್ಲಿ ಎಲ್ಲಿ ಕೂತರೂ, ಅವಳಾಗಿ ಏಳುವ ತನಕ ಏಳು ಎನ್ನಕೂಡದು. ಇದಕ್ಕೆ ಹಳಿ ಬೇಕಿಲ್ಲ, ಕಬ್ಬಿಣ ಬೇಕಿಲ್ಲ, ಬಣ್ಣದ ಚಿತ್ರವೂ ಬೇಕಿಲ್ಲ.

ತಮ್ಮ ಒಂದೇ ಒಂದು ಹಾಳೆಯನ್ನು ಆರು ವರ್ಷ ಹೊತ್ತು ತಿರುಗಿ, ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶ್ಯಾಮಣ್ಣ

ಬರೆದು ಮುಗಿಸಿದ ಮೇಲೆ ಹೊಳೆದದ್ದು: ಹಳಿ ಕೀಳುವಾಗ ತೋರಿಸಿದ ಚುರುಕಿನಲ್ಲಿ ನೂರನೇ ಒಂದು ಪಾಲನ್ನಾದರೂ ಉತ್ತರ ಬರೆಯುವಾಗ ತೋರಿಸಿದರೆ ಅದು ಯುಗಾದಿಯೊಳಗೆ ಬಂದೀತು. ಆದರೂ ಊರಿನ ವಿಳಾಸಕ್ಕೆ ಕಳಿಸಿ ಅಂಚೆಯವನನ್ನು ನಡೆಸಬೇಡಿ. ಬೇವನಹಳ್ಳಿಯಲ್ಲಿ ಕಾಗದ ಓದಬಲ್ಲವನು ನಾನೊಬ್ಬನೇ, ನಾನು ನಾಳೆ ಬೆಳಿಗ್ಗೆ ಆ ನಾಲ್ವರನ್ನು ಕರೆದುಕೊಂಡು, ಇದ್ದಿಲಿನ ಹೊಗೆಯಲ್ಲಿ ಓಡುವ ಮೊದಲ ಬಸ್ಸಿಗೆ ಹೊರಡುತ್ತೇನೆ.